ಪ್ರಿಂಟರ್ ಕೇಸಿನ ಟೀಡೆಮನ್ನರು

ನಮ್ಮ ತೋಟದ ಬೇಲಿಯಾಚೆಯ ಟೀಡೆಮನ್ನರು ಹಣ್ಣಿನ ಮರ ಸವರುವುದರ ಬಗ್ಗೆ ಒಂದೇ ಒಂದು ಪುಸ್ತಕ ಬರೆದವರು. ಜನ ಪುಸ್ತಕಗಳನ್ನು ಮನೆಯಲ್ಲೇ ನಕಲು ಮಾಡಿಕೊಳ್ಳುತ್ತಾರೆ, ಆದ್ದರಿಂದ ಪ್ರಿಂಟರು, ಕಂಪ್ಯೂಟರು ಮಾರುವ ಕಂಪನಿಗಳು ಬರೆದವರಿಗೆ ಸುಂಕ ಕೊಡಬೇಕು ಎಂದು ಬರಹಗಾರರ ಸಂಘ ಹೂಡಿದ ಮೊಕದ್ದಮೆಗೆ ಹನ್ನೆರಡು ವರ್ಷವಾಯಿತು. ಕಾರ್ಲ್ಸ್‌ರೂಹೆ ನಗರದ ದೊಡ್ಡ ಕೋರ್ಟಿನಲ್ಲಿ ಒಂದು ವಿಚಾರಣೆಯನ್ನೂ ತಪ್ಪಿಸಿದವರಲ್ಲ ಈ ಎಪ್ಪತ್ತೊಂಬತ್ತರ ಮನುಷ್ಯ. ಇಸ್ತ್ರಿ ಮಾಡಿದ ಟೈ, ಬೆಣ್ಣೆ ಬ್ರೆಡ್ಡಿನ ಡಬ್ಬಿ, ಬೆಳಗಿನ ಆರರ ರೈಲು. ಪ್ರಿಂಟರು ತಾನೊಂದೇ ನಕಲು ಮಾಡಲಾರದು ಎಂದು ಕಂಪನಿಯ ವಕೀಲರು ವಾದಿಸಿದ ದಿನದಿಂದ, ಬೇಲಿ ಬಳಿ ಯಾರು ನಿಂತರೂ ಕತ್ತರಿ ಎತ್ತಿ ಹಿಡಿಯುತ್ತಾರೆ: “ಇದೂ ತಾನೊಂದೇ ಏನೂ ಕತ್ತರಿಸಲ್ಲ, ಕೈ ಬೇಕು. ಹಂಗಂತ ಇದು ಕತ್ತರಿ ಅಲ್ವೇನ್ರೀ?” ಅಂಚೆಯವನು, ಪಾದ್ರಿ, ಕೊನೆಗೆ ನನ್ನ ಬೆಕ್ಕು ಕೂಡ ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಮೊನ್ನೆ ತೋಟಗಾರರ ಸೂಚನಾ ಫಲಕದಲ್ಲಿ ಅವರ ಪುಸ್ತಕದ ಪುಟವನ್ನೇ ಯಾರೋ ಪ್ರಿಂಟು ತೆಗೆದು, ಬರೆದವರ ಹೆಸರಿಲ್ಲದೆ ಅಂಟಿಸಿದ್ದರು. ಹರಿದೇ ಹಾಕುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಚೆರ್ರಿ ಮರದ ಸಾಲಿನಲ್ಲಿ ‘ಫೆಬ್ರವರಿ’ ಹೊಡೆದುಹಾಕಿ, ಪೆನ್ಸಿಲಿನಲ್ಲಿ ‘ಆಗಸ್ಟ್’ ಎಂದು ಬರೆದರು. “ಆಗ ನಾನೇ ತಪ್ಪು ಬರ್ದಿದ್ದೆ, ಲೆಂಬ್ಕೆಯವ್ರೇ,” ಎಂದು ನನ್ನ ಕಡೆ ತಿರುಗಿದರು. “ಹಂಗೇ ನಿಮ್ಮ ಹೆಸರೂ ಬರೀರಿ, ಜಾಗ ಇದೆಯಲ್ಲ,” ಎಂದೆ. “ಅದನ್ನ ಕೋರ್ಟು ಬರೀಲಿ. ಮರ ಅಲ್ಲೀತನಕ ಕಾಯಲ್ಲ.”