ಊಟವಾದ ಮೇಲೆ ಒಂದು ಗುಳಿಗೆ

ಇದು ನಡೆದದ್ದು ಮೂವತ್ತರ ದಶಕದಲ್ಲಿ, ಒಂದು ಮಳೆಗಾಲ ಮುಗಿದ ಮೇಲೆ. ಕಂಪ್ಲಿಯಲ್ಲಿ ಮಲೇರಿಯಾ ಜ್ವರಕ್ಕೆ ಕ್ವಿನೈನ್ ಹಂಚುವುದು ನನ್ನ ಕೆಲಸವಾಗಿತ್ತು. ಗುಳಿಗೆಯ ಜೊತೆ ಕೊಡುವ ಕಾಗದವನ್ನು ನಾನೇ ಬರೆದಿದ್ದೆ: ‘ದಿನಕ್ಕೆ ಮೂರು, ಪ್ರತಿ ಊಟವಾದ ಮೇಲೆ ಒಂದು, ಏಳು ದಿನ.’

ಜ್ವರ ಬಂದ ಸೊಸೆಗೆಂದು ಗುಳಿಗೆ ಒಯ್ದಿದ್ದ ಗಂಗವ್ವನ ಮನೆಗೆ ವಾರ ಕಳೆದು ಹೋದಾಗ ಆ ಸೊಸೆ ಇನ್ನೂ ಕಂಬಳಿಯೊಳಗೆ ನಡುಗುತ್ತಿದ್ದಳು.

“ಗುಳಿಗೆ ಕೊಡಲಿಲ್ಲವೇನಮ್ಮ?” ಎಂದು ಗದರಿದೆ.

ಗಂಗವ್ವ ಡಬ್ಬಿ ತಂದು ನನ್ನ ಮುಂದೆ ಸುರಿದಳು. ಹದಿನೇಳು ಉಳಿದಿದ್ದವು.

“ಜ್ವರ ಬಂದ್ರ ನಮ್ಮಾಗ ಲಂಘನರಿ, ಬರೇ ಗಂಜಿ. ವಾರದಾಗ ಆಕಿ ಊಟ ಮಾಡಿದ್ದು ನಾಕು ಸರ್ತಿ. ನಾಕು ಗುಳಿಗಿ ಕೊಟ್ಟೀನಿ. ಕಾಗದ ಓದಿಸಿಕೊಂಡ ಕೊಟ್ಟೀನ್ರಿ, ತಪ್ಪಿದ್ರ ಹೇಳ್ರಿ.”

ತಪ್ಪಿರಲಿಲ್ಲ. ಅಕ್ಷರ ಬಾರದ ಆ ಮುದುಕಿಯಷ್ಟು ಕರಾರುವಾಕ್ಕಾಗಿ ನಾನು ಕಾಲೇಜಿನ ಪ್ರಯೋಗಾಲಯದಲ್ಲೂ ಸೂಚನೆ ಪಾಲಿಸಿದವನಲ್ಲ. ಬೆರಗಾಗಿ ಅಲ್ಲೇ ಕುಳಿತೆ.

“ಗಂಜಿ ಕುಡಿಸಿದ ಮೇಲೂ ಕೊಡಬಹುದಿತ್ತು,” ಎಂದೆ ಮೆಲ್ಲಗೆ.

“ಗಂಜಿ ಊಟ ಹೆಂಗಾದೀತ್ರಿ ಸಾಹೇಬ್ರ? ಹಂಚೂದಕ್ಕಿಂತ ಮೊದಲ ನಮ್ಮಂಥೋರಿಗೆ ಒಂದ್ಸಲ ಓದಿ ಹೇಳಿ, ಏನ್ ತಿಳೀತು ಅಂತ ಕೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?”

ಹಾಗೆಂದವಳೇ ಗಂಜಿ ಕಾಯಿಸಿ, ಸೊಸೆಯನ್ನು ಎಬ್ಬಿಸಿ ಕುಡಿಸಿ, ಗುಳಿಗೆ ನುಂಗಿಸಿದಳು.

ಅಷ್ಟು ಹೊತ್ತಿಗೆ ಆ ಕಾಗದವನ್ನು ನಾನು ನಲವತ್ತಾರು ಮನೆಗಳಿಗೆ ಹಂಚಿದ್ದೆ.