ಎಲೆಯಡಿಕೆ ಮೇಲಿಟ್ಟ ಕೂಲಿ

ನಾನು ಕೊಟ್ಟ ದುಡ್ಡನ್ನು ಆ ಹುಡುಗಿ ಮುಟ್ಟಲೇ ಇಲ್ಲ. ನಮ್ಮ ಯಜಮಾನರಿಗೆ ಕಣ್ಣು ಹೋಗಿದೆ; ಫೋನು ಅವರಿಗೆ ಪೇಪರ್ ಓದಿ ಹೇಳುತ್ತದೆ. ಆದರೆ ಕನ್ನಡ ಅಂಕಿ ಬಂದರೆ ಮೂಕ. ನಮ್ಮ ಪಕ್ಕದ ವಿಜಯಪುರದ ರೇಷ್ಮೆಗೂಡಿನ ಧಾರಣೆಗೆ ಅವರು ದಿನವೂ ನನ್ನನ್ನೇ ಕಾಯಬೇಕು. ನಾನೋ ಅಕ್ಷರ ಕೂಡಿಸಿ ಓದುವವಳು. ಫೋನಿನಲ್ಲಿ ಹೀಗೆ ಓದುವ ಸಾಫ್ಟ್‌ವೇರನ್ನು ಬಿಟ್ಟಿಯಾಗಿ ಮಾಡಿ ಹಂಚುವವರಲ್ಲಿ ದೊಡ್ಡಬಳ್ಳಾಪುರದ ಈ ಹುಡುಗಿಯೂ ಒಬ್ಬಳೆಂದು ಮೊಮ್ಮಗಳು ಮನೆಗೆ ಕರೆಸಿದ್ದಳು.

“ದುಡ್ಡು ಬೇಡಜ್ಜಿ, ಬಿಡುವಾದಾಗ ಅಂಕಿ ಸೇರಿಸ್ಕೊಡ್ತೀನಿ,” ಎಂದಳು.

“ನಿಂಗೆ ಬಿಡುವಾಗೋವರ್ಗೂ ಇವ್ರು ಇರ್ಬೇಕಲ್ಲವ್ವಾ!” ಎಂದೆ. ಯಜಮಾನರೇ ಮೊದಲು ನಕ್ಕರು.

ಕುಂಕುಮ ಕೊಟ್ಟು, ಎಲೆಯಡಿಕೆಯ ಮೇಲೆ ಅದೇ ದುಡ್ಡಿಟ್ಟು ನೀಡಿದೆ. ತಾಂಬೂಲವನ್ನು ಯಾವ ಹೆಣ್ಣುಮಗಳು ಬೇಡವೆನ್ನುತ್ತಾಳೆ? ದುಪಟ್ಟಾ ಒಡ್ಡಿ ತೆಗೆದುಕೊಂಡಳು. ಎರಡು ವಾರದ ಮೇಲೆ, ಅಂಗಳವೆಲ್ಲ ಮಂಜು ತುಂಬಿದ್ದ ಬೆಳಿಗ್ಗೆ, ಫೋನು ನಿದ್ದೆಯಲ್ಲಿ ಕನವರಿಸಿದಂತೆ ಧಾರಣೆಯನ್ನು ಅಂಕಿಸಮೇತ ಓದಿತು. ಯಜಮಾನರು ಕಾಫಿ ಆರಿಹೋಗುವವರೆಗೂ ಅದನ್ನೇ ಮತ್ತೆ ಮತ್ತೆ ಓದಿಸಿದರು.

ಆ ಅಂಕಿ ಈಗ ಕೇಳಿದವರ ಫೋನಿಗೆಲ್ಲ ಪುಕ್ಕಟೆ ಸಿಗುತ್ತದಂತೆ. ಜಗಲಿಯಲ್ಲಿ ಕೂತರೆ, ಯಾವುದೋ ಊರಲ್ಲಿ ಕಣ್ಣಿಲ್ಲದ ಯಾರೋ ನನ್ನ ದುಡ್ಡಲ್ಲಿ ಸೇರಿದ ಅಂಕಿ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಕೇಳಲಿ ಬಿಡಿ.