ಹೊಲಿಗೆಗೆ ಬಿಟ್ಟ ದೋಣಿ

ನಮ್ಮ ಭಾವನಿಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಮೂವತ್ತು ವರ್ಷದಿಂದ ಅವರದು ಪರದೆ ಹೊಲಿಯುವ ಕೆಲಸ. ಕಿಟಕಿ ಪರದೆ, ಬಾಗಿಲ ಪರದೆ, ಆಸ್ಪತ್ರೆಯಲ್ಲಿ ಮಂಚಕ್ಕೂ ಮಂಚಕ್ಕೂ ನಡುವೆ ಎಳೆಯುವ ಪರದೆ. ಊರಿನವರು ಮನೆಯೊಳಗೆ ಏನು ಮಾಡುತ್ತಾರೆಂದು ಬೀದಿಗೆ ಕಾಣದಂತೆ ಕಾಪಾಡಿದ ಪುಣ್ಯಾತ್ಮ. ಆದರೆ ಅವರ ಸ್ವಂತ ಅಂಗಡಿಯ ಹಿಂದಿನ ಕಿಟಕಿಗೆ ಮಾತ್ರ ಪರದೆ ಇಲ್ಲ. ಆ ಕಿಟಕಿಯಿಂದ ದೋಣಿಗಳು ನಿಲ್ಲುವ ಕಟ್ಟೆ ಕಾಣುತ್ತದೆ.

ಅಂಗಡಿಯಲ್ಲಿ ನಾವು ಮೂವರು. ಭಾವ ಕತ್ತರಿಸುತ್ತಾರೆ, ಅಕ್ಕ ಹೊಲಿಯುತ್ತಾಳೆ, ನಾನು ಇಸ್ತ್ರಿ ಹಾಕುತ್ತೇನೆ. ಗಿರಾಕಿಗಳ ಜೊತೆ ಜಗಳವಾಡುವುದೂ ನನ್ನದೇ ಇಲಾಖೆ. ಭಾವನಿಗೆ ಜಗಳ ಬರುವುದಿಲ್ಲ, ಅಕ್ಕನಿಗೆ ಪುರುಸೊತ್ತಿಲ್ಲ, ಯಾರಾದರೂ ಮಾಡಬೇಕಲ್ಲ.

ನಮ್ಮಲ್ಲಿ ಇರುವುದು ಒಂದೇ ಶಾಸ್ತ್ರ: ಹೊಲಿಗೆಗೆ ಬಿಡಬೇಕು. ಕಿಟಕಿ ಎಷ್ಟುದ್ದವೋ ಅಷ್ಟಕ್ಕೇ ಬಟ್ಟೆ ಕತ್ತರಿಸಿದರೆ ಅಂಚು ಮಡಿಚಲು ಏನೂ ಉಳಿಯದೆ, ಪರದೆ ಮೊಣಕಾಲು ತೋರಿಸಿಕೊಂಡು ನಿಲ್ಲುತ್ತದೆ. ಅದಕ್ಕೇ ಭಾವ ನಾಲ್ಕು ಬೆರಳು ಹೆಚ್ಚು ಬಿಟ್ಟು ಗುರುತು ಹಾಕುತ್ತಾರೆ. ಗಂಡ ಬಿಟ್ಟರೋ ಇಲ್ಲವೋ ಎಂಬ ಅನುಮಾನದಲ್ಲಿ ಅಕ್ಕ ಅದರಾಚೆ ಇನ್ನೂ ನಾಲ್ಕು ಬೆರಳು ಬಿಡುತ್ತಾಳೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕೇಳುವುದಿಲ್ಲ, ಹೇಳುವುದೂ ಇಲ್ಲ. ಪರದೆಗೇನೋ ಇದರಿಂದ ಒಳ್ಳೆಯದೇ ಆಗಿದೆ. ಅಂಚು ದಪ್ಪವಾಗಿ, ಭಾರವಾಗಿ, ಎಂಥ ಗಾಳಿ ಬಂದು ಜಪ್ಪಯ್ಯ ಅಂದರೂ ನಮ್ಮ ಪರದೆ ಅಲ್ಲಾಡುವುದಿಲ್ಲ. ಅಂಗಡಿಗೆ ಹೆಸರು ಬಂದದ್ದೇ ಅದರಿಂದ.

ಇಂಥ ಮನುಷ್ಯನಿಗೆ ದೋಣಿಯ ರೋಗ ಅಂಟಿಸಿದವರು ಭೂಗೋಳದ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಒಂದು ಹಳೆಯ ಹಾಯಿದೋಣಿ ಇಟ್ಟುಕೊಂಡಿದ್ದರು. ಒಂದು ದಿನ ಹರಿದ ಹಾಯಿಯನ್ನು ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಅಂಗಡಿಗೆ ಬಂದರು. ಹಾಯಿ ರಿಪೇರಿಯವರು ಕೇಳಿದ ಕೂಲಿ ಕೇಳಿಯೇ ಅವರಿಗೆ ತಲೆ ತಿರುಗಿತ್ತಂತೆ. ಭಾವ ಅದಕ್ಕೆ ತೇಪೆ ಹಾಕಿ, ಎರಡೆರಡು ಸಲ ಹೊಲಿಗೆ ಓಡಿಸಿ, ಕೂಲಿ ಬೇಡ ಎಂದುಬಿಟ್ಟರು. ನಾನು ಪಕ್ಕದಲ್ಲಿದ್ದಿದ್ದರೆ ಬೇಡ ಎನ್ನಲು ಬಿಡುತ್ತಿರಲಿಲ್ಲ. ಕೂಲಿಯ ಬದಲು ಮೇಷ್ಟ್ರು ಅವರನ್ನು ದೋಣಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು.

ತೊಯ್ದು ತೊಪ್ಪೆಯಾಗಿ ವಾಪಸ್ ಬಂದರು ಭಾವ. ಮುಖದ ತುಂಬ ನಗು. ಮದುವೆಯ ಫೋಟೋದಲ್ಲೂ ಅವರು ಹಾಗೆ ನಕ್ಕಿಲ್ಲ, ಅದರಲ್ಲಿ ಕಣ್ಣು ಬೇರೆ ಮುಚ್ಚಿಕೊಂಡಿದ್ದಾರೆ.

"ಇಂಜಿನ್ನೇ ಹಾಕ್ಲಿಲ್ಲ ಕಣೇ!" ಎಂದರು ಅಕ್ಕನಿಗೆ. "ಬರೀ ಬಟ್ಟೆ! ನಾನು ಹಾಕಿದ ಹೊಲಿಗೆ ನನ್ನನ್ನೇ ಎಳ್ಕೊಂಡು ಹೋಯ್ತು!"

"ಮೊದಲು ತಲೆ ಒರೆಸ್ಕೊಳ್ಳಿ" ಎಂದು ಅಕ್ಕ ಆಸ್ಪತ್ರೆಯ ಪರದೆಯ ತುಂಡೊಂದನ್ನು ಎಸೆದಳು.

ಅಕ್ಕನಿಗೆ ನೀರೆಂದರೆ ಪ್ರಾಣಭಯ. ಬಸ್ಸು ಸೇತುವೆ ಹತ್ತಿದರೆ ಸಾಕು, ಕಣ್ಣು ಮುಚ್ಚಿ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಮುಳುಗುವ ಬಸ್ಸಿನಲ್ಲಿ ಚಪ್ಪಲಿಯಿಂದ ಏನುಪಯೋಗ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

ಅಂದಿನಿಂದ ಭಾವ ಕತ್ತರಿ ಹಿಡಿದುಕೊಂಡೇ ಕಿಟಕಿಯ ಕಡೆ ನೋಡುತ್ತ ನಿಂತುಬಿಡುತ್ತಿದ್ದರು. ಅಷ್ಟರಲ್ಲಿ ಮೇಷ್ಟ್ರ ಭುಜ ಕೆಟ್ಟಿತು. ಆಪರೇಷನ್ ಆಗಬೇಕು, ಇನ್ನು ಹಗ್ಗ ಎಳೆಯುವ ಹಾಗಿಲ್ಲ ಎಂದರು ಡಾಕ್ಟರು. ದೋಣಿ ಮಾರಾಟಕ್ಕೆ ಬಂತು. ಬೆಲೆ ಒಂದೂವರೆ ಲಕ್ಷ. ಮುಖ್ಯ ಬೀದಿಯ ಐಸ್‌ಕ್ರೀಂ ಅಂಗಡಿಯವನು ಆಗಲೇ ದುಡ್ಡು ಹಿಡಿದುಕೊಂಡು ನಿಂತಿದ್ದ. ಅವನಿಗೆ ದೋಣಿ ಬೇಕಿದ್ದದ್ದು ನೀರಿಗಲ್ಲ. ಗರಗಸದಿಂದ ನಡುವೆ ಕೊಯ್ದು, ಅರ್ಧವನ್ನು ಅಂಗಡಿ ಮುಂದೆ ನಿಲ್ಲಿಸಿ, ಅದರೊಳಗೆ ಐಸ್‌ಕ್ರೀಂ ಪೆಟ್ಟಿಗೆ ಇಡುವ ಯೋಚನೆ.

"ತಿಂಗಳ ಕೊನೆವರೆಗೆ ಅವನನ್ನ ತಡೀತೀನಿ" ಎಂದರು ಮೇಷ್ಟ್ರು. "ಆಮೇಲೆ ಆಸ್ಪತ್ರೆಗೆ ದುಡ್ಡು ಕಟ್ಟಬೇಕು, ನನ್ನ ಕೈಲಾಗಲ್ಲ. ಗಾಳಿ ಬಂದಾಗ ತೂರ್ಕೊಳ್ಳಿ."

ಹೊಸ ಮಷೀನಿಗೆಂದು ಕೂಡಿಟ್ಟ ಎರಡು ಲಕ್ಷ ಇತ್ತು. ಅಕ್ಕ ಕುಣಿಕುಣಿದು ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಸೂಜಿಗೆ ದಾರ ಪೋಣಿಸುತ್ತ ತಣ್ಣಗೆ ಹೇಳಿದಳು:

"ಮಷೀನು ಇನ್ನೂ ಓಡ್ತಿದೆ. ನಿಮ್ಮ ಮೊಣಕಾಲು ಓಡ್ತಿಲ್ಲ. ಇನ್ನು ನಾಲ್ಕು ವರ್ಷ ಹೋದ್ರೆ ದೋಣಿ ಹತ್ತೋಕೂ ಆಗಲ್ಲ ನಿಮಗೆ. ಎಲ್ಲಾ ಖರ್ಚೂ ಸೇರಿಸಿ ಲೆಕ್ಕ ಹಾಕಿ. ಎರಡು ಲಕ್ಷದೊಳಗೆ ಬಂದ್ರೆ ತಗೊಳ್ಳಿ. ಮೇಲೆ ಹೋದ್ರೆ ಮತ್ತೆ ದೋಣಿ ಅನ್ನೋ ಮಾತೇ ಬೇಡ."

ನಾನು ಸುಮ್ಮನಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚಿ ಭಾವ. ನಿಮ್ಮ ಕಾಲು ಹಾಸಿಗೆ ದಾಟಿ ಸಮುದ್ರಕ್ಕೇ ಹೋಗಿದೆ" ಎಂದೆ. ಅವರಿಗೆ ಕೇಳಿಸಲಿಲ್ಲ. ಆಗಲೇ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದುಕೊಂಡು ಕಟಿಂಗ್ ಮೇಜಿನ ಒಂದು ಮೂಲೆಯಲ್ಲಿ ಬಜೆಟ್ ಬರೆಯಲು ಶುರು ಮಾಡಿದ್ದರು.

ದೋಣಿಯ ಬೆಲೆ ಅಂದರೆ ಬರೀ ಶುರು ಎಂದು ಆಗ ಗೊತ್ತಾಯಿತು. ಕಟ್ಟೆಯಲ್ಲಿ ನಿಲ್ಲಿಸಲು ಬಾಡಿಗೆ, ಅದೂ ಅಡಿ ಲೆಕ್ಕದಲ್ಲಿ. ದೋಣಿ ಗಟ್ಟಿ ಇದೆಯೋ ಇಲ್ಲವೋ ಎಂದು ಸುತ್ತಿಗೆಯಿಂದ ತಟ್ಟಿ ನೋಡುವವನ ಫೀಸು. ವಿಮೆ, ತಳಕ್ಕೆ ಬಣ್ಣ, ಹೊಸ ಹಗ್ಗ, ಲಂಗರು, ಮುಳುಗದಂತೆ ತೊಡುವ ತೇಲು ಜಾಕೆಟ್. ಎಲ್ಲಕ್ಕಿಂತ ಕೊನೆಗೆ, ಚಿಕ್ಕ ಅಕ್ಷರದಲ್ಲಿ, ಕ್ಯಾಪ್ಟನ್ ಟೋಪಿ. ಬಿಳಿಯದು, ಮುಂದೆ ಬಂಗಾರದ ದಾರದ ಕಸೂತಿ ಇರುವುದು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು" ಎಂದೆ.

"ಕುಲಾವಿ ಆದ್ರೆ ನಾವೇ ಹೊಲೀಬಹುದು. ಇದು ಅಂಗಡೀಲೇ ತರಬೇಕು" ಎಂದರು ಭಾವ, ನಾನು ಸಲಹೆ ಕೊಟ್ಟೆನೇನೋ ಎಂಬಂತೆ.

ಮೇಜಿನ ಮೇಲೆ ಬರೆದ ಬಜೆಟ್ಟಿನ ಕಷ್ಟ ಏನೆಂದರೆ, ಮೇಜಿನ ಮೇಲೆ ಬಟ್ಟೆಯನ್ನೂ ಹಾಸಬೇಕು. ಹಾಸಿದಾಗಲೆಲ್ಲ ಅರ್ಧ ಬಜೆಟ್ ಅಳಿಸಿಹೋಗುತ್ತಿತ್ತು. ಬೆಳಿಗ್ಗೆ ಅಕ್ಕ ಅದನ್ನು ತಿದ್ದಿ ಬರೆಯುತ್ತಿದ್ದಳು, ಸಂಜೆ ಭಾವ ತಿದ್ದಿ ಬರೆಯುತ್ತಿದ್ದರು. ಅಳಿಸಿದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದು ಹಲ್ಲಿನ ಡಾಕ್ಟರು ಫೋನ್ ಮಾಡಿದಾಗ ತಿಳಿಯಿತು.

"ನಿಮ್ಮ ಪರದೆ ಮೇಲೆ ತಿರುಗಾಮುರುಗಾ ಏನೋ ಬರಹ ಇದೆಯಲ್ರೀ" ಎಂದರು ಅವರು. "ರೋಗಿಗಳು ಕನ್ನಡೀಲಿ ಓದ್ತಿದಾರೆ. 'ಲಂಗರು ಒಂದು, ತಳ ತಟ್ಟಿಸುವುದು' ಅಂತೆ. ನಾನೇನೋ ಮಾಡ್ಬಿಡ್ತೀನಿ ಅಂತ ಒಬ್ಬಾಕೆ ಎದ್ದೇ ಹೋದ್ರು."

ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗಿನಿಂದ ಅದು ಹೇಗೆ ದಾಟಿತೋ! ನನಗಾದ ಅವಮಾನಕ್ಕೆ ಆ ದಿನ ಇಬ್ಬರ ಹತ್ತಿರವೂ ಮಾತು ಬಿಟ್ಟೆ. ಮಧ್ಯಾಹ್ನ ಚಹಾ ಬೇಕಾಯಿತು, ಮತ್ತೆ ಶುರು ಮಾಡಿದೆ.

ಬಜೆಟ್ ಮಾತ್ರ ಬೆಳೆಯುತ್ತಲೇ ಇತ್ತು. ಮೊದಲ ವಾರ ಎರಡು ಲಕ್ಷದ ಹತ್ತಿರ ಇದ್ದದ್ದು, ಮುಂದಿನ ವಾರ ಎರಡೂಮುಕ್ಕಾಲಕ್ಕೆ ಏರಿತು. ಆಮೇಲೆ ಮೂರು ದಾಟಿತು. ಮೂಗಿಗಿಂತ ಮೂಗುತಿ ಭಾರವಾಯಿತು. ಭಾವ ಖರ್ಚು ಇಳಿಸಲು ಬಾಯಿ ಕಟ್ಟಿದರು, ಬಸ್ಸು ಬಿಟ್ಟು ಆ ಕೆಟ್ಟ ಮೊಣಕಾಲಲ್ಲೇ ನಡೆದು ಬಂದರು. ಏನು ಮಾಡಿದರೂ ಮೊತ್ತ ಏರುವುದು ನಿಲ್ಲಲಿಲ್ಲ. ತಿಂಗಳ ಕೊನೆಯ ದಿನ ಬೆಳಿಗ್ಗೆ ಅದು ನಾಲ್ಕು ಲಕ್ಷ ಮುಟ್ಟಿತ್ತು.

ಭಾವ ಚಾಕ್ ಕೆಳಗಿಟ್ಟರು. ಕಿಟಕಿಯ ಕಡೆ ನೋಡಲಿಲ್ಲ. "ಸಂಜೆ ಮೇಷ್ಟ್ರು ಬಂದಾಗ ಬೇಡ ಅಂತ ಹೇಳಿಬಿಡ್ತೀನಿ" ಎಂದು, ಕತ್ತರಿ ಎತ್ತಿಕೊಂಡು, "ಹಿಂದಿನ ಕಿಟಕಿಗೂ ಒಂದು ಪರದೆ ಹಾಕ್ಬಿಡೋಣ. ಬಿಸಿಲು ಜಾಸ್ತಿ" ಎಂದರು.

ಮೊದಲ ದಿನದಿಂದ ಈ ದೋಣಿಗೆ ಶಾಪ ಹಾಕಿದವಳು ನಾನೇ. ಆದರೂ ಆ ಕಿಟಕಿಗೆ ಪರದೆ ಹಾಕುವುದನ್ನು ನೋಡುವುದು ನನ್ನಿಂದ ಸಾಧ್ಯವಿರಲಿಲ್ಲ. ಅಕ್ಕನೂ ಮಷೀನು ನಿಲ್ಲಿಸಿಬಿಟ್ಟಿದ್ದಳು.

ಸಂಜೆ ಮೇಷ್ಟ್ರು ಬಂದರು. ಬೀದಿಯ ಆ ಬದಿಯಲ್ಲಿ ಐಸ್‌ಕ್ರೀಂ ಅಂಗಡಿಯವನು ಮೀಟರ್ ಟೇಪು ಹಿಡಿದುಕೊಂಡು ಕಾಯುತ್ತಿದ್ದ. ಟೇಪು ನೋಡಿಯೇ ನನ್ನ ಪಿತ್ತ ನೆತ್ತಿಗೇರಿತು. ಅವನ ಮೇಲಿನ ಸಿಟ್ಟನ್ನು ಮೇಜಿನ ಮೇಲೆ ತೀರಿಸಿಕೊಳ್ಳೋಣ ಎಂದು ಬಟ್ಟೆ ಸರಿಸಿ, ಬಜೆಟ್ಟನ್ನು ಗಟ್ಟಿಯಾಗಿ ಓದತೊಡಗಿದೆ.

"ಲಂಗರು, ಎಂಬತ್ತು ಕಿಲೋ! ಅಷ್ಟು ಕಬ್ಬಿಣ ಇಟ್ರೆ ಇವರ ದೋಣಿ ಕಟ್ಟೇಲೇ ಮುಳುಗಲ್ವಾ?"

"ಎಂಬತ್ತಾ?" ಎಂದರು ಮೇಷ್ಟ್ರು. "ನನ್ನ ಲಂಗರು ಹತ್ತು ಕಿಲೋ ಇಲ್ಲ."

"ನಾನು ಬರೆದದ್ದೂ ಹತ್ತೇ" ಎಂದರು ಭಾವ. "ಆಮೇಲೆ ಅಳಿಸಿಹೋಗಿತ್ತು. ಮತ್ತೆ ಬರೆಯುವಾಗ ಹೊಲಿಗೆಗೆ ಅಂತ ಸ್ವಲ್ಪ ಬಿಟ್ಟು ಬರೆದೆ."

"ನೀವೂ ಬಿಟ್ರಾ?" ಅಕ್ಕ ಎದ್ದು ಬಂದಳು. "ನೀವು ಬಿಟ್ಟಿರಲ್ಲ ಅಂತ ನಾನು ಬೆಳಿಗ್ಗೆ ಬಿಡ್ತಿದ್ದೆ!"

"ನೀನು ಬಿಟ್ಟಿರಲ್ಲ ಅಂತ ನಾನು ಸಂಜೆ ಬಿಡ್ತಿದ್ದೆ ಕಣೇ!"

ನಾನು ಇಬ್ಬರ ಮುಖವನ್ನೂ ನೋಡಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರೆ. ಇಲ್ಲಿ ಎರಡೂ ಸೇರಿ ಒಂದೇ ಕಡೆಗೆ ಎಳೆದು ಗಾಡಿ ಮುರಿದಿದ್ದವು. ಬಟ್ಟೆ ಅಳಿಸಿದಾಗಲೆಲ್ಲ ಇಬ್ಬರೂ ಹೊಲಿಗೆಗೆ ಬಿಟ್ಟು ಬಿಟ್ಟು, ಹಗ್ಗ ಊರಿಗೆ ಎರಡು ಸುತ್ತು ಬರುವಷ್ಟಾಗಿತ್ತು. ದೋಣಿಯ ಉದ್ದವೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ಇಪ್ಪತ್ತು ಅಡಿಯ ದೋಣಿ ಕಟ್ಟೆಯಲ್ಲಿ ನಿಂತಲ್ಲೇ ಮೂವತ್ತೊಂದು ಅಡಿ ಬೆಳೆದು, ಅದಕ್ಕೆ ತಕ್ಕ ಹಾಗೆ ಬಾಡಿಗೆಯನ್ನೂ ಬೆಳೆಸಿಕೊಂಡಿತ್ತು.

"ಇದು ನನ್ನ ದೋಣಿ ಅಲ್ರೀ. ಇದು ಯಾವುದೋ ಹಡಗು" ಎಂದು ಮೇಷ್ಟ್ರು ನಕ್ಕರು. ನಕ್ಕದ್ದಕ್ಕೆ ಭುಜ ನೋಯಿತು, "ಅಯ್ಯಪ್ಪಾ" ಎಂದು ಮತ್ತೆ ನಕ್ಕರು.

ನಾನು ಒದ್ದೆ ಬಟ್ಟೆ ತಂದೆ. ಮೇಷ್ಟ್ರು ನಿಜವಾದ ಅಳತೆ ಹೇಳಿದರು, ನಾನು ಅಳಿಸಿ ಬರೆದೆ. ಗಂಡಹೆಂಡತಿ ಇಬ್ಬರೂ ಚಾಕ್ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದೆ. ಹಗ್ಗ ಇಳಿಯಿತು, ಬಾಡಿಗೆ ಇಳಿಯಿತು, ಲಂಗರು ಮನುಷ್ಯರು ಎತ್ತುವಂತಾಯಿತು. ಜಾಕೆಟ್ಟಿನ ಸಾಲಿಗೆ ಬಂದೆ. ಅಲ್ಲಿ ನಾಲ್ಕು ಎಂದಿತ್ತು.

"ನಾನು ಒಂದೇ ಬರೆದಿದ್ದೆ" ಎಂದರು ಭಾವ.

ಅಳಿಸಿ ಒಂದು ಬರೆದೆ. ಮೊತ್ತ ಕೂಡಿಸಿದೆ. ಸರಿಯಾಗಿ ಎರಡು ಲಕ್ಷ! ಭಾವ ಕೂತಲ್ಲಿಂದ ಎದ್ದೇಬಿಟ್ಟರು. ಅಷ್ಟರಲ್ಲಿ ಅಕ್ಕ ನನ್ನ ಕೈಯಿಂದ ಚಾಕ್ ಕಿತ್ತುಕೊಂಡು, ಜಾಕೆಟ್ಟಿನ ಮುಂದಿನ ಒಂದನ್ನು ಹೊಡೆದು ಹಾಕಿ ಎರಡು ಎಂದು ಬರೆದಳು.

ನನಗೆ ರೇಗಿಹೋಯಿತು. "ಮತ್ತೆ ಹೊಲಿಗೆಗೆ ಬಿಡ್ತಿದೀಯಲ್ಲೇ! ಈಗ ತಾನೆ ಬಾಯಿ ಬಡ್ಕೊಂಡೆ!"

"ಇದು ಬಿಟ್ಟಿದ್ದಲ್ಲ ಕಣೇ" ಎಂದಳು ಅಕ್ಕ. "ಇದು ಅಳತೆ."

ಭಾವ ಅವಳನ್ನೇ ನೋಡಿದರು. "ನಿಂಗೆ ನೀರು ಕಂಡ್ರೆ ಆಗಲ್ವಲ್ಲೇ?"

"ಆಗಲ್ಲ. ಅದಕ್ಕೇ ಜಾಕೆಟ್ಟು." ಅಕ್ಕ ಚಾಕ್ ಕೆಳಗಿಟ್ಟಳು. "ನೀವೊಬ್ರೇ ಅಷ್ಟು ದೂರ ಹೋಗೋದು, ನಾನು ಈ ಕಿಟಕೀಲಿ ನಿಂತು ನೋಡೋದು, ಅದಕ್ಕಿಂತ ನೀರೇ ವಾಸಿ. ಅಲ್ಲ, ಮೂವತ್ತು ವರ್ಷ ಆಯ್ತು, ಒಂದು ಅಂತ ಬರೆಯೋಕೆ ನಿಮಗೆ ಕೈ ಹೇಗೆ ಬಂತು?"

ನಾನು ಕಣ್ಣೊರೆಸಿಕೊಂಡು ಇಸ್ತ್ರಿಪೆಟ್ಟಿಗೆ ಸರಿಸಿದೆ. ಆದರೆ ಲೆಕ್ಕಕ್ಕೆ ಕಣ್ಣೀರು ಗೊತ್ತಾಗುವುದಿಲ್ಲ. ಎರಡನೆಯ ಜಾಕೆಟ್ಟಿನಿಂದ ಮೊತ್ತ ಎರಡು ಲಕ್ಷ ದಾಟಿತ್ತು, ಅಕ್ಕನ ಮಾತು ಅಂದರೆ ಮಾತು. ಭಾವ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ, ಕೊನೆಯ ಸಾಲಿನ ಕ್ಯಾಪ್ಟನ್ ಟೋಪಿಯನ್ನು ಒರೆಸಿಬಿಟ್ಟರು.

"ಈಗ ಕೂಡಿಸು" ಎಂದರು ನನಗೆ. ಕೂಡಿಸಿದೆ. ಎರಡು ಲಕ್ಷದೊಳಗೆ ಬಂತು, ಮೂವರಿಗೆ ಚಹಾ ಕುಡಿಯುವಷ್ಟು ಉಳಿದೂ ಉಳಿಯಿತು.

ಐಸ್‌ಕ್ರೀಂ ಅಂಗಡಿಯವನಿಗೆ ವಿಷಯ ಹೇಳಲು ನಾನೇ ಬೀದಿ ದಾಟಿದೆ. ಅಂಥ ಕೆಲಸ ನಾನು ಬೇರೆಯವರಿಗೆ ಬಿಡುವುದಿಲ್ಲ. ಪಾಪ, ಅವನೂ ಕೆಟ್ಟವನಲ್ಲ, ಮುಂದಿನ ವಾರ ಅಂಗಡಿಗೆ ಪರದೆ ಹೊಲಿಸಲು ನಮ್ಮಲ್ಲಿಗೇ ಬಂದ. ಅವನ ಬಿಲ್ಲಿನಲ್ಲಿ ನಾನೂ ಸ್ವಲ್ಪ ಹೊಲಿಗೆಗೆ ಬಿಟ್ಟೆ.

ಮೊದಲ ಸಲ ಅವರಿಬ್ಬರೂ ದೋಣಿ ಬಿಟ್ಟ ದಿನ ಕಟ್ಟೆಯ ಮೇಲೆ ನಾನು ಮತ್ತು ಮೇಷ್ಟ್ರು ನಿಂತಿದ್ದೆವು. ಮೇಷ್ಟ್ರ ಭುಜಕ್ಕೆ ಪಟ್ಟಿ ಕಟ್ಟಿತ್ತು. ಭಾವ ತಿಂಗಳಿಡೀ ಅವರ ಹತ್ತಿರ ದಡದಲ್ಲೇ ಕೂತು ಪಾಠ ಹೇಳಿಸಿಕೊಂಡಿದ್ದರು. ತಲೆಯ ಮೇಲೆ ಟೋಪಿಯೂ ಇತ್ತು. ಹಲ್ಲಿನ ಡಾಕ್ಟರು ವಾಪಸ್ ಮಾಡಿದ ಪರದೆಯಲ್ಲಿ ನಾನೇ ಹೊಲಿದದ್ದು, ಮುಂದೆ ದೊಡ್ಡದೊಂದು ಹೂವು. ಅಕ್ಕ ಜಾಕೆಟ್ ತೊಟ್ಟು, ಕಣ್ಣು ಮುಚ್ಚಿ, ಎರಡು ಕೈಯಲ್ಲಿ ಎರಡು ಚಪ್ಪಲಿ ಹಿಡಿದು ಕೂತಿದ್ದಳು. ಗಾಳಿ ತುಂಬಿ ಹಾಯಿ ಉಬ್ಬಿತು. ದೋಣಿ ಹೊರಟಿತು.

ಒಂದು ಸುತ್ತು ಹಾಕಿ ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಅಲೆಯ ಕುಲುಕಿಗೆ ಭಾವನ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು. ಚುಕ್ಕಾಣಿ ಅಕ್ಕನ ಕೈಯಲ್ಲಿತ್ತು. ಅವಳ ಕಣ್ಣು ತೆರೆದಿತ್ತು, ಚಪ್ಪಲಿ ಎಲ್ಲಿ ಹೋಗಿದ್ದವೋ ಗೊತ್ತಿಲ್ಲ. ಮದುವೆ ಫೋಟೋದಲ್ಲಿ ಅವಳೂ ಹಾಗೆ ನಕ್ಕಿಲ್ಲ.

"ಸಾಕು ಕಣೇ, ಇಳಿದುಬಿಡೋಣ" ಎಂದು ಭಾವ ನರಳಿದ್ದು ನಮಗೆ ದಡಕ್ಕೇ ಕೇಳಿಸಿತು.

"ಇನ್ನೊಂದು ಸುತ್ತು ಹೋಗೋಣ ರೀ" ಎಂದಳು ಅಕ್ಕ, ಚುಕ್ಕಾಣಿ ಆ ಕಡೆ ತಳ್ಳುತ್ತ. "ಹೊಲಿಗೆಗೆ ಇರಲಿ."